ಗೋಡೆಯಾಚೆಯ ರೊಟ್ಟಿ ಸಪ್ಪಳ

ಪಕ್ಕದ ಮನೆಯ ಗೇಟಿಗೆ ಹೋದ ವಾರ ಒಂದು ರಟ್ಟು ಕಟ್ಟಿದ್ದಾರೆ. ‘ಮನೆ ಬಾಡಿಗೆಗಿದೆ’ ಎಂದು ಬರೆದು, ಅದರ ಕೆಳಗೆ ಇನ್ನೂ ದಪ್ಪ ಅಕ್ಷರಗಳಲ್ಲಿ ‘ಸಣ್ಣ ಕುಟುಂಬಕ್ಕೆ ಮಾತ್ರ’ ಎಂದು ಬರೆದಿದ್ದಾರೆ. ಆ ಎರಡನೆಯ ಸಾಲು ಯಾಕೆ ಬಂತು ಎಂಬುದು ನಮ್ಮ ಓಣಿಗೆಲ್ಲ ಗೊತ್ತು. ಮನೆಯ ಮಾಲೀಕರಿಗೆ ಅಲ್ಲಿ ಬಾಡಿಗೆಗಿದ್ದ ಅಕ್ಕಾರಂಥ ಇನ್ನೊಬ್ಬರು ಬೇಕಾಗಿಲ್ಲ.

ಸೊಲ್ಲಾಪುರ ರಸ್ತೆಯಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ವೆಲ್ಡಿಂಗ್ ಅಂಗಡಿಗಳ ಸಾಲಿದೆಯಲ್ಲ, ಅದರ ಹಿಂದೆ ನಮ್ಮ ಓಣಿ. ದಿನವಿಡೀ ಕಬ್ಬಿಣ ಬಡಿಯುವ ಸದ್ದು. ಬೆಳಿಗ್ಗೆ ಆ ಅಂಗಡಿಗಳು ತೆರೆಯುವ ಮೊದಲು ಒಂದೆರಡು ತಾಸು ಮಾತ್ರ ಕಿವಿಗೆ ಬಿಡುವು. ಆ ಹೊತ್ತಿನಲ್ಲಿ ನನ್ನ ಅಡಿಗೆಮನೆಗೂ ಅವರ ಅಡಿಗೆಮನೆಗೂ ನಡುವಿನ ತೆಳ್ಳನೆಯ ಗೋಡೆಯಾಚೆಯಿಂದ ಅಕ್ಕಾರು ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ವರ್ಷಗಟ್ಟಲೆ ಕೇಳಿದವಳು ನಾನು. ಅವರಿಗೆ ಮೈಯಲ್ಲಿ ಆರಾಮಿಲ್ಲವೋ, ಯಾರ ಮೇಲಾದರೂ ಸಿಟ್ಟಿದೆಯೋ, ಇಟ್ಟಂಗಿಹಾಳದಿಂದ ಮಗಳು ಬಂದಿದ್ದಾಳೋ, ಸಪ್ಪಳದಿಂದಲೇ ಹೇಳುತ್ತಿದ್ದೆ. ಮಗಳು ಬಂದ ದಿನ ಕೈ ಜೋರು.

ಅವರು ಘೋಣಸಗಿಯ ಹೆಣ್ಣುಮಗಳು. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿದ ಮೇಲೆ ಊರು ಬಿಟ್ಟು ವಿಜಯಪುರಕ್ಕೆ ಬಂದು ಒಂದು ಖಾಸಗಿ ದವಾಖಾನೆಯಲ್ಲಿ ಆಯಾ ಆಗಿ ಸೇರಿದವರು. ಎತ್ತರದ ಆಳು. ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿದರೆ ಮಲಗುವ ತನಕ ತೆಗೆಯುತ್ತಿರಲಿಲ್ಲ. ನಡೆಯುವಾಗ ಚಪ್ಪಲಿ ಸಪ್ಪಳವಾಗುತ್ತಿರಲಿಲ್ಲ. ರೋಗಿಗಳಿಗೆ ಎಚ್ಚರವಾಗಬಾರದೆಂದು ಕಲಿತ ನಡಿಗೆ. ಮೊಣಕೈ ತನಕ ಸೋಪು ಹಚ್ಚಿ ಕೈ ತೊಳೆಯುವುದನ್ನು ನೋಡಿ ನಾನು ನಗುತ್ತಿದ್ದೆ. “ನಗಬ್ಯಾಡ ತಂಗಿ, ನಾ ಏನೇನು ಮುಟ್ಟೀನಿ ಅಂತ ನಿನಗ ಗೊತ್ತಿಲ್ಲ” ಅನ್ನುತ್ತಿದ್ದರು. ಅವರ ಮನೆಯ ಪಡಸಾಲೆಯ ಗೋಡೆಯ ಮೇಲೆ ಬುದ್ಧನ ಫೋಟೊ ಇತ್ತು. ಆ ಮನೆಯ ನೀರನ್ನು ನಾನು ಕುಡಿದದ್ದು ಪಕ್ಕಕ್ಕೆ ಬಂದ ಎರಡನೆಯ ವರ್ಷ. ಇದನ್ನು ಬರೆಯದೆ ಬಿಡಬಹುದಿತ್ತು. ನಾನು ಕುಡಿಯುವುದಿಲ್ಲವೆಂದು ಅವರಿಗೂ ಗೊತ್ತಿತ್ತು, ಮೊದಲನೆಯ ವರ್ಷ ಅವರು ಚಹಾ ಬೇಕೇ ಎಂದು ಒಮ್ಮೆಯೂ ನನ್ನನ್ನು ಕೇಳಲಿಲ್ಲ.

ಆಯಾ ಆಗಿದ್ದವರು ಮನೆಯಲ್ಲೇ ಜನರನ್ನು ಇಟ್ಟುಕೊಂಡು ನೋಡಿಕೊಳ್ಳಲು ಶುರುಮಾಡಿದ್ದು ಹೀಗೆ. ತಿಕೋಟಾದ ನಿವೃತ್ತ ಮಾಸ್ತರರೊಬ್ಬರಿಗೆ ಲಕ್ವ ಹೊಡೆದು ಬಲಗಡೆಯ ಕೈಕಾಲು ಬಿದ್ದು ಹೋಗಿತ್ತು. ದವಾಖಾನೆಯಿಂದ ಬಿಡುವ ಹೊತ್ತಿಗೆ ಅವರ ಮಗ, “ನಮ್ಮ ಮನಿಗೇ ಬಂದ ಇದ್ದುಬಿಡವಾ, ಪಗಾರ ಕೊಡ್ತೀವಿ” ಎಂದನಂತೆ. ಇವರು ಒಪ್ಪಲಿಲ್ಲ.

“ನಿಮ್ಮ ಮನ್ಯಾಗ ನಾ ಆಯಾ ಆಗ್ತೀನ್ರಿ. ಹಿಂಗ ಮಾಡು, ಹಂಗ ಮಾಡು ಅಂತ ನಾಕ್ ಮಂದಿ ಹೇಳ್ತೀರಿ. ನಮ್ಮ ಮನಿಗಿ ತಂದ್ ಬಿಡ್ರಿ. ಅಲ್ಲಿ ನಾ ಮನ್ಯಾಕಿ, ನಾ ಹೇಳಿದ್ದು ನಡೀತೈತಿ.”

ಮಾಸ್ತರರು ಆಟೋದಲ್ಲಿ ಬಂದಿಳಿದ ದಿನ ಓಣಿಯ ಹೆಂಗಸರೆಲ್ಲ ಕಟ್ಟೆಯ ಮೇಲೆ. “ಮುದುಕರ ಅಂಗಡಿ ತಗದಾಳ ನೋಡ್ರಿ” ಎಂದಳೊಬ್ಬಳು. “ನಾಳಿಗಿ ಒಂದೊಂದ ಹೆಣಾ ನಮ್ಮ ಬಾಗಲಾ ಮುಂದ ಹಾಯ್ತಾವ” ಎಂದಳು ಇನ್ನೊಬ್ಬಳು. ಅಕ್ಕಾರಿಗೆ ಕೇಳಿಸಿತು. ಕೇಳಿಸಲೆಂದೇ ಅಂದದ್ದು. ಅವರು ತಿರುಗಿ ನಿಂತು, “ನಿಮ್ಮತ್ತೀಗೂ ಮಲಗಾಕ ಒಂದ್ ಕಾಟ್ ಖಾಲಿ ಇಟ್ಟೀನಿ, ನೋಡವಾ” ಅಂದರು. ಎರಡನೆಯವಳು ಒಳಗೆ ಹೋದಳು.

ತಿಂಗಳಿಗೆ ಇಷ್ಟು ಎಂದು ತಗೊಳ್ಳುತ್ತಿದ್ದರು, ಅದನ್ನು ಮುಚ್ಚಿಡುತ್ತಿರಲಿಲ್ಲ. ಅದೇ ಜನರಿಗೆ ಕಣ್ಣಲ್ಲಿ ಚುಚ್ಚುತ್ತಿತ್ತು. ಮಗಳೋ ಸೊಸೆಯೋ ಮಾಡಿದರೆ ಸೇವೆ, ಇವರು ಮಾಡಿದರೆ ದಂಧೆ. ನಾನೂ ಒಮ್ಮೆ ಬಾಯಿತಪ್ಪಿ, “ಅಕ್ಕಾರ, ರೊಕ್ಕಾ ತಗೊಂಡು ಮಾಡೂದು ಬ್ಯಾರೆ ಅಲ್ರೇನ್ರಿ?” ಎಂದುಬಿಟ್ಟೆ. ಅವರು ಮಾಸ್ತರರ ಅಂಗಿ ಹಿಂಡುತ್ತಿದ್ದರು. “ಡಾಕ್ಟರಗ ಹಿಂಗ ಕೇಳ್ತೀಯೇನು?” ಅಂದರು, ಹಿಂಡುವುದನ್ನು ನಿಲ್ಲಿಸದೆ.

ಅವರ ಕೆಲಸದ ರೀತಿ ಒಂದೇ ಒಂದು. ಒಬ್ಬರ ಕೈಗೆ ಆಗುವುದನ್ನು ಅವರು ಮಾಡಿಕೊಡುತ್ತಿರಲಿಲ್ಲ. ಮಾಸ್ತರರು ಎಡಗೈಯಿಂದ ಅಂಗಿಯ ಬಟನ್ ಹಾಕಿಕೊಳ್ಳುತ್ತಿದ್ದರು. ಒಂದು ಬಟನ್ನಿಗೆ ಐದು ನಿಮಿಷ. ಅಕ್ಕಾರು ಎದುರಿಗೆ ಚಹಾ ಹಿಡಿದು ನಿಂತಿರುತ್ತಿದ್ದರು. ಚಹಾ ಆರಿ ತಣ್ಣಗಾಗುತ್ತಿತ್ತು, ಮತ್ತೆ ಕಾಯಿಸಿ ತರುತ್ತಿದ್ದರು. ಒಂದು ದಿನ ನೋಡಲಾರದೆ ನಾನು ಮುಂದೆ ಹೋಗಿ ಬಟನ್ ಹಾಕಹೊರಟರೆ ನನ್ನ ಕೈಮೇಲೆ ಪಟ್ಟನೆ ಒಂದೇಟು ಬಿತ್ತು.

“ಆ ಬಟನ್ ನಿಂದಲ್ಲ ತಂಗಿ. ಮಾಸ್ತರಂದು.”

ಮಾಸ್ತರರು ನಕ್ಕರು. ಅರ್ಧ ಮುಖ ಮಾತ್ರ ನಗುತ್ತಿತ್ತು ಅವರದು.

ಕಸ್ತೂರಿ ಬಂದದ್ದು ಮಾಸ್ತರರು ಬಂದು ಒಂದು ವರ್ಷವಾದ ಮೇಲೆ. ಬಬಲೇಶ್ವರದ ಅನುಕೂಲವಂತರ ಮನೆಯ ಹುಡುಗಿ. ಹುಡುಗಿ ಎನ್ನುತ್ತೇನೆ, ಮೂವತ್ತಾರು ದಾಟಿತ್ತು. ದ್ರಾಕ್ಷಿ ತೋಟ, ಒಣದ್ರಾಕ್ಷಿಯ ವ್ಯಾಪಾರ ಇದ್ದ ಮನೆ. ಹುಟ್ಟಿನಿಂದ ಬುದ್ಧಿ ಬೆಳೆದಿರಲಿಲ್ಲ, ಮಾತು ನಾಲ್ಕೈದು ಶಬ್ದ. ಅವಳ ತಾಯಿ ಸಾಯುವ ತನಕ ಸ್ನಾನ, ಊಟ, ಜಡೆ ಎಲ್ಲ ತಾವೇ ಮಾಡಿ ಸಾಕಿದ್ದರು. ತಾಯಿ ಹೋದ ಮೇಲೆ ಅಣ್ಣನ ಹೆಂಡತಿಯ ಕೈಯಲ್ಲಿ ಆಗಲಿಲ್ಲ. ಅಣ್ಣ, ಅತ್ತಿಗೆ ಇಬ್ಬರೂ ಕಾರಿನಲ್ಲಿ ಕರೆತಂದರು. ಅಕ್ಕಾರು ಚಹಾಕ್ಕೆ ಇಡಹೋದರೆ, “ಈಗರ ಕುಡದ ಬಂದೇವ್ರಿ” ಎಂದರು ಇಬ್ಬರೂ ಒಂದೇ ಉಸಿರಿಗೆ. ಹೋಗುವಾಗ ಅಣ್ಣ ನಮ್ಮ ಬಾಗಿಲಿಗೆ ಬಂದು ನನ್ನ ಫೋನ್ ನಂಬರು ಬರೆದುಕೊಂಡ. “ವೈನಿ, ನೀವು ನಮ್ಮಂಥ ಮಂದಿ. ಸ್ವಲ್ಪ ಕಣ್ಣಿಡ್ರಿ.” ಅಕ್ಕಾರು ತಮ್ಮ ಬಾಗಿಲಲ್ಲೇ ನಿಂತಿದ್ದರು. ನಾನು ಆಗಲಿ ಎಂದು ತಲೆಯಾಡಿಸಿದೆ.

ಆ ಮಧ್ಯಾಹ್ನ ಅಕ್ಕಾರು ತಾಟು ಮುಂದಿಟ್ಟರೆ ಕಸ್ತೂರಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿ ತೆರೆದು ಕುಳಿತಳು. ಗುಬ್ಬಿಮರಿಯ ಹಾಗೆ. ಅಕ್ಕಾರು ಎದುರಿಗೆ ತಮ್ಮ ತಾಟು ಇಟ್ಟುಕೊಂಡು ಉಣ್ಣತೊಡಗಿದರು. ಅವಳು ಬಾಯಿ ತೆರೆದೇ ಇದ್ದಳು. ಎಷ್ಟೋ ಹೊತ್ತಿನ ಮೇಲೆ ಅಕ್ಕಾರು ತಮ್ಮ ಅಂಗೈಯನ್ನು ಅವಳ ಅಂಗೈ ಕೆಳಗೆ ಹಿಡಿದು, ಅವಳ ಬೆರಳಿಂದಲೇ ತುತ್ತು ಮುರಿಸಿ, ಅವಳ ಕೈಯನ್ನು ಅವಳ ಬಾಯಿಯ ತನಕ ಒಯ್ದರು. ಕಸ್ತೂರಿ ತನ್ನ ಕೈಯನ್ನು ತಾನೇ ಬೆರಗಾಗಿ ನೋಡಿದಳು. ನಾನು, “ತಾಯಿ ಇಲ್ಲದ ಕೂಸು, ಉಣಸಿಬಿಡಬಾರದೇನ್ರಿ?” ಎಂದೆ.

“ಇಕಿ ಇನ್ನಾ ಮೂವತ್ತ್ ವರ್ಷ ಬದಕ್ತಾಳ. ಉಣಸೂ ಮಂದಿ ಬದಕ್ತಾರೇನು?” ಅಂದರು.

ನಾಲ್ಕನೆಯ ದಿನ ಅವಳು ತಾನೇ ಉಂಡಳು. ಆಮೇಲೆ ಒಂದೊಂದೇ. ಲಂಗ ಕಟ್ಟಿಕೊಳ್ಳುವುದು, ತಲೆಗೆ ಎಣ್ಣೆ ಹಚ್ಚಿಕೊಳ್ಳುವುದು. ಅಕ್ಕಾರು ರೊಟ್ಟಿಗೆ ಕುಳಿತಾಗ ಪಕ್ಕದಲ್ಲಿ ಕುಳಿತು ನೋಡುತ್ತಿದ್ದಳಂತೆ. ಒಂದು ದಿನ ಹಿಟ್ಟಿಗೆ ಕೈ ಹಾಕಿದಳು. ಅಕ್ಕಾರು ಬೇಡ ಅನ್ನಲಿಲ್ಲ. ತಿಂಗಳುಗಟ್ಟಲೆ ಹಿಟ್ಟು ನೆಲಕ್ಕೆ, ಸೀರೆಗೆ, ಮೂಗಿಗೆ. ಕೊನೆಗೊಂದು ಬೆಳಿಗ್ಗೆ ಗೋಡೆಯಾಚೆಯಿಂದ ಎರಡು ಸಪ್ಪಳ ಕೇಳಿದೆ ನಾನು. ಒಂದು ಪಟಪಟ ಪಟಪಟ ಎಂದು ಹರಿಯುವಂಥದ್ದು. ಇನ್ನೊಂದು, ಪಟ್. ತಡೆದು, ಪಟ್ ಪಟ್. ಮತ್ತೆ ತಡೆದು. ಬಡಿದು, ನಿಂತು, ಎಡಗೈಯಿಂದ ರೊಟ್ಟಿಯನ್ನು ಒಂದು ಸುತ್ತು ತಿರುವಿ, ಮತ್ತೆ ಬಡಿಯುವ ಸಪ್ಪಳ.

ಆ ಮೊದಲ ರೊಟ್ಟಿ ನನ್ನ ಮನೆಗೇ ಬಂತು. ತಾಟಿನಲ್ಲಿಟ್ಟು, ಮೇಲೊಂದು ಅರಿವೆ ಮುಚ್ಚಿ, ಕಸ್ತೂರಿಯ ಕೈಯಲ್ಲೇ ಕಳಿಸಿದ್ದರು. ಎರಡೂ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಳು. ಮುಖವೆಲ್ಲ ಹಿಟ್ಟು. ನಾನು ತಿನ್ನಲಿ ಎಂದು ಕಾಯುತ್ತಿದ್ದಳು. “ಆಮ್ಯಾಲ ತಿಂತೀನವ್ವಾ, ಇಟ್ಟ ಹೋಗು” ಎಂದೆ. ಅವಳು ಹೋದ ಮೇಲೆ ಅದನ್ನು ದನಕ್ಕೆ ಹಾಕುವ ಮುಸುರೆಯ ಬಕೆಟ್ಟಿಗೆ ಹಾಕಿದೆ. ದಪ್ಪಗಿತ್ತು, ಒಂದು ಕಡೆ ಹಸಿ, ಒಂದು ಕಡೆ ಸೀದಿತ್ತು. ಅದೊಂದೇ ಕಾರಣ ಎಂದು ಅಂದು ನನಗೆ ನಾನೇ ಹೇಳಿಕೊಂಡೆ.

ಕಸ್ತೂರಿಯ ಅಣ್ಣ ಹದಿನೈದು ದಿನಕ್ಕೊಮ್ಮೆ ನನಗೆ ಫೋನ್ ಮಾಡುತ್ತಿದ್ದ. ಅಕ್ಕಾರಿಗೆ ಮಾಡುತ್ತಿರಲಿಲ್ಲ. ಒಂದು ಸಲ ಹೀಗೇ, “ನಮ್ಮ ತಂಗಿ ಹೆಂಗದಾಳ್ರಿ ವೈನಿ?” ಎಂದು ಕೇಳಿದ. ಅವತ್ತು ಬೆಳಿಗ್ಗೆ ಗೋಡೆಯಾಚೆ ಅವಳ ಕೈ ತಡೆಯದೆ ನಾಲ್ಕು ರೊಟ್ಟಿ ಬಡಿದದ್ದನ್ನು ಕೇಳಿದ್ದೆ. ನನ್ನ ಮಗಳೇ ಪಾಸಾದಂತೆ ಹಿಗ್ಗಿದ್ದೆ.

“ಭಾಳ ಚೊಲೊ ಅದಾಳ್ರಿ! ಈಗ ಮನಿ ಮಂದಿಗೆಲ್ಲಾ ಆಕೀನ ರೊಟ್ಟಿ ಬಡೀತಾಳ.”

ಫೋನ್ ಕಟ್ಟಾಯಿತು. ನೆಟ್‌ವರ್ಕಿಗೆ ಬೈದು ಕೆಲಸಕ್ಕೆ ಹೋದೆ.

ಮೂರನೆಯ ದಿನ ಬೆಳಿಗ್ಗೆ ಗೇಟಿನ ಮುಂದೆ ಕಾರು ನಿಂತಿತು. ಸರಿಯಾಗಿ ರೊಟ್ಟಿಯ ಹೊತ್ತು. ನಾನು ಹೊರಗೆ ಬರುವಷ್ಟರಲ್ಲಿ ಅಣ್ಣ ಅತ್ತಿಗೆ ಒಳಗೆ ಹೋಗಿದ್ದರು. ಅಕ್ಕಾರ ಬಾಗಿಲಲ್ಲಿ ನಿಂತು ನೋಡಿದೆ. ಕಸ್ತೂರಿ ಒಲೆಯ ಮುಂದೆ, ಮೊಣಕೈ ತನಕ ಹಿಟ್ಟು, ಹೆಬ್ಬೆರಳಿನ ಮೇಲೆ ಸುಟ್ಟ ಕಲೆ.

“ಏಳ ಮ್ಯಾಲ!” ಎಂದ ಅಣ್ಣ. ಅವಳು ಏಳಲಿಲ್ಲ, ಹಂಚಿನ ಮೇಲೆ ರೊಟ್ಟಿ ಇತ್ತು, ಅದನ್ನು ತಿರುವಿ ಹಾಕಬೇಕಾಗಿತ್ತು. ಅವನು ರಟ್ಟೆ ಹಿಡಿದು ಎಬ್ಬಿಸಿದ.

“ನಮ್ಮವ್ವ ಸಾಯೂತನಾ ಇಕೀಗಿ ತುತ್ತ್ ಮಾಡಿ ಉಣಸ್ಯಾಳ. ನಮ್ಮ ಮನ್ಯಾಗ ಒಂದ್ ಕಡ್ಡಿ ಎತ್ತಿ ಇಟ್ಟಾಕಿ ಅಲ್ಲ. ಇಲ್ಲಿ ನಿಮ್ಮ ಮಂದಿಗಿ ರೊಟ್ಟಿ ಬಡಿಯಾಕ ಇಟ್ಟೇವೇನ ನಾವು?”

“ಆಕಿ ತನ್ನ ರೊಟ್ಟಿ ತಾ ಬಡ್ಕೋತಾಳ್ರಿ ಅಣ್ಣಾರ,” ಎಂದರು ಅಕ್ಕಾರು. ದನಿ ಏರಿಸಲಿಲ್ಲ. “ಮ್ಯಾಲ ಎರಡ್ ಬಡದು ನಮಗೂ ಕೊಡ್ತಾಳ. ನಾ ಹೇಳಿಲ್ಲ, ಆಕಿ ಬಿಡೂದಿಲ್ಲ. ಒಂದ್ ಗಳಿಗಿ ಕುಂತ ನೋಡ್ರಿ.”

“ರೊಕ್ಕಾ ಕೊಟ್ಟಾವ್ರು ನಾವು! ದುಡಿಸ್ಕೋಳಾಕಿ ನೀನು!”

ಕಾಟಿನ ಮೇಲಿದ್ದ ಮಾಸ್ತರರು ಏಳಲು ಒದ್ದಾಡಿದರು. “ಕ... ಕಲ...” ಎಂದರು. ಅವರ ಒಂದು ಮಾತು ಮುಗಿಯಬೇಕಾದರೆ ಬಟನ್ ಹಾಕಿದಷ್ಟೇ ಹೊತ್ತು ಬೇಕು. ‘ಕಲ್ತಾಳ’ ಎಂದು ಹೇಳಹೊರಟಿದ್ದರು, ನನಗೆ ಗೊತ್ತಾಯಿತು. “ಅಜ್ಜಾ, ನೀ ಸುಮ್ಮ್ ಕುಂಡ್ರ,” ಎಂದ ಅಣ್ಣ. ಆಮೇಲೆ ನನ್ನ ಕಡೆ ತಿರುಗಿದ.

“ವೈನಿ, ನೀವ ಹೇಳ್ರಿ. ಮನಿ ಮಂದಿಗೆಲ್ಲಾ ಇಕೀನ ರೊಟ್ಟಿ ಬಡೀತಾಳ ಅಂತ ಫೋನಿನ್ಯಾಗ ಅಂದ್ರಿಲ್ಲೊ?”

ಅಕ್ಕಾರು ನನ್ನನ್ನು ನೋಡಿದರು.

“ಅಂದೀನ್ರಿ,” ಎಂದೆ.

ಇನ್ನೂ ಹೇಳುವುದಿತ್ತು. ಬಾಯಿ ತೆರೆದು ಕುಳಿತಿದ್ದವಳು ಹೇಗೆ ಉಂಡಳು, ಚೆಲ್ಲಿದ ಹಿಟ್ಟನ್ನು ತಿಂಗಳುಗಟ್ಟಲೆ ಯಾರು ಬಳಿದು ತೆಗೆದರು, ಎಲ್ಲ ನಾಲಿಗೆಯ ತುದಿಗೆ ಬಂದಿತ್ತು. ನಮ್ಮ ಮನೆಯ ಕಟ್ಟೆಯಿಂದ ನನ್ನ ಯಜಮಾನರು ಕೂಗಿದರು: “ಏ, ಒಳಗ ಬಾ. ಮಂದಿ ಮನಿ ಉಸಾಬರಿ ನಮಗ್ಯಾಕ?” ನಾನು ಒಳಗೆ ಬಂದೆ. ಯಾರೂ ನನ್ನ ಕೈ ಹಿಡಿದು ಎಳೆಯಲಿಲ್ಲ, ನನ್ನ ಕಾಲಿಂದಲೇ ನಡೆದು ಬಂದೆ. ಕಾರಿನ ಬಾಗಿಲು ಹಾಕಿದ ಸದ್ದು, ಕಸ್ತೂರಿ ಒದರಿದ ಸದ್ದು ಗೋಡೆಯಾಚೆಯಿಂದಲೇ ಕೇಳಿದೆ. ಹಂಚಿನ ಮೇಲೆ ಬಿಟ್ಟ ರೊಟ್ಟಿ ಕರಕಾದ ವಾಸನೆ ಮಧ್ಯಾಹ್ನದ ತನಕ ನನ್ನ ಅಡಿಗೆಮನೆಯಲ್ಲಿತ್ತು.

ಮರುದಿನ ಹೋದೆ. ಅಕ್ಕಾರು ಮೊಣಕೈ ತನಕ ಸೋಪು ಹಚ್ಚಿ ಕೈ ತೊಳೆಯುತ್ತಿದ್ದರು. ನಾನು ಅಳಲು ಶುರುಮಾಡಿದೆ.

“ಅಳಬ್ಯಾಡ. ನೀ ಸುಳ್ಳೇನ ಹೇಳಿಲ್ಲ,” ಅಂದರು. “ಖರೇನ ಹೇಳಿದಿ. ಅರ್ಧಾ ಹೇಳಿದಿ.”

ಅಷ್ಟೇ. ಮತ್ತೆ ಆ ಮಾತನ್ನು ಅವರು ಎಂದೂ ಎತ್ತಲಿಲ್ಲ. ತಂಗಿ ಎನ್ನುವುದನ್ನೂ ಬಿಡಲಿಲ್ಲ. ಆದರೆ ಆ ಮನೆಯಿಂದ ನನ್ನ ಮನೆಗೆ ಮತ್ತೆ ಒಂದು ತಾಟೂ ಬರಲಿಲ್ಲ.

ಸುದ್ದಿ ತಿಕೋಟಾಕ್ಕೂ ಹೋಗಿ ಎಂಟು ದಿನಕ್ಕೆ ಮಾಸ್ತರರ ಮಗ ಬಂದು ತಂದೆಯನ್ನು ಕರೆದೊಯ್ದ. ಮಾಸ್ತರರು ಹೊರಡುವ ದಿನ ತಮ್ಮ ಬಟನ್ ತಾವೇ ಹಾಕಿಕೊಳ್ಳುತ್ತಿದ್ದರು. ಎರಡು ಹಾಕಿದ್ದರು. ಮಗನಿಗೆ ಅವಸರ, ಉಳಿದ ಮೂರನ್ನು ಅವನೇ ಹಾಕಿದ. ಅಕ್ಕಾರು ಚಹಾದ ಕಪ್ಪು ಹಿಡಿದು ನಿಂತಿದ್ದವರು ಒಳಗೆ ಹೋಗಿ ಅದನ್ನು ಚೆಲ್ಲಿದರು.

ಅವರು ಒಮ್ಮೆ ಬಸ್ಸು ಹಿಡಿದು ಬಬಲೇಶ್ವರಕ್ಕೆ ಹೋಗಿದ್ದರು. ಸಂಜೆ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತು ಕಾಲು ಒತ್ತಿಕೊಂಡರು.

“ಕಸ್ತೂರಿ ಸಿಕ್ಕಳೇನ್ರಿ?”

“ಮಲಗ್ಯಾಳಂತ. ಹಗಲ ಹನ್ನೆರಡಕ್ಕ.” ಇನ್ನೊಂದು ಕಾಲು ಒತ್ತಿಕೊಳ್ಳುತ್ತ, “ಗೇಟಿನ ಹೊರಗ ಚಾ ತಂದ ಕೊಟ್ರು. ಕಾಗದದ ಕಪ್ಪಿನ್ಯಾಗ,” ಅಂದರು.

ಆಮೇಲೆ ಯಾರೂ ಅವರ ಮನೆಗೆ ತಮ್ಮವರನ್ನು ತಂದು ಬಿಡಲಿಲ್ಲ. ಮತ್ತೊಂದು ದವಾಖಾನೆಯಲ್ಲಿ ಆಯಾ ಆಗಿ ಹೋಗತೊಡಗಿದರು, ಅರವತ್ತರ ಹತ್ತಿರದ ವಯಸ್ಸಿನಲ್ಲಿ. ಬೆಳಿಗ್ಗೆ ಗೋಡೆಯಾಚೆ ಒಂದೇ ಸಪ್ಪಳ. ಎರಡು ರೊಟ್ಟಿಗೆ ಮುಗಿಯುತ್ತಿತ್ತು. ಎರಡು ವರ್ಷ ಹೀಗೆ ಕಳೆದು, ಈ ಬೇಸಿಗೆಯಲ್ಲಿ ಮೈ ಬಾವು ಬಂದು ಮಗಳ ಮನೆಗೆ ಹೋದವರು ತಿರುಗಿ ಬರಲಿಲ್ಲ.

ಮಗಳು ಮನೆ ಖಾಲಿ ಮಾಡಲು ಬಂದಾಗ ಹೇಳಿದಳು: “ಕಡೀ ದಿನಾ ಸುದ್ದಾ ಚಮಚಾ ನನ್ನ ಕೈಯಾಗ ಕೊಡಲಿಲ್ರಿ. ಕೈ ಥರಾಥರಾ ನಡಗತಿತ್ತು. ಅರ್ಧಾ ಗಂಜಿ ಸೀರಿ ಮ್ಯಾಲ. ನಾ ಉಣಸ್ತೀನಿ ಅಂದ್ರ ಕಣ್ಣ ತಗದ್ಲು ನೋಡ್ರಿ, ಅಂಜಿಕಿನ ಬಂತು.” ಹೇಳುತ್ತ ಅವಳು ನಕ್ಕಳು, ಆಮೇಲೆ ಅತ್ತಳು.

ಅಕ್ಕಾರು ತೀರಿದ್ದನ್ನು ಕಸ್ತೂರಿಗೆ ಯಾರಾದರೂ ಹೇಳಬೇಕು ಅನ್ನಿಸಿತು ನನಗೆ. ಅವಳಿಗೆ ತಿಳಿಯುತ್ತದೋ, ಬಿಡುತ್ತದೋ. ಒಣದ್ರಾಕ್ಷಿ ತರುವ ನೆಪ ಹೇಳಿ ನಿನ್ನೆ ಬಬಲೇಶ್ವರಕ್ಕೆ ಹೋದೆ. ನನ್ನನ್ನು ಗೇಟಿನ ಹೊರಗೆ ನಿಲ್ಲಿಸಲಿಲ್ಲ. ಅತ್ತಿಗೆ ಒಳಗೆ ಕರೆದು ಸ್ಟೀಲಿನ ಲೋಟದಲ್ಲಿ ನೀರು, ಕಪ್ಪು-ಬಸಿಯಲ್ಲಿ ಚಹಾ ಕೊಟ್ಟಳು.

ಕಸ್ತೂರಿ ಪಡಸಾಲೆಯ ಕಾಟಿನ ಮೇಲೆ ಕುಳಿತಿದ್ದಳು. ದಪ್ಪಗಾಗಿದ್ದಳು. ಜಡೆ ಇರಲಿಲ್ಲ. ಬಾಚುವವರಿಗೆ ಅನುಕೂಲವಾಗಲೆಂದು ಕೂದಲು ಗಿಡ್ಡಗೆ ಕತ್ತರಿಸಿದ್ದರು. ಉಗುರು ಸ್ವಚ್ಛ, ನೈಟಿ ಹೊಸದು.

“ನೋಡ್ರಿ ವೈನಿ, ಅರಸನ ಮಗಳ್ಹಂಗ ಇಟ್ಟೇವಿ,” ಎಂದಳು ಅತ್ತಿಗೆ. “ಕುಂತಲ್ಲೆ ಎಲ್ಲಾ. ಒಂದ್ ಈ ಚಟಾ ಮಾತ್ರ ಬಿಡವಲ್ಲಳ. ಅಲ್ಲಿ ಆ ಮನ್ಯಾಗ ಇದ್ದ ಬಂದಾಗಿಂದ ಹತ್ತೈತಿ. ಎಷ್ಟ ಬೈದ್ರೂ ಅಷ್ಟ.”

ಕಸ್ತೂರಿ ಬಲಗೈಯಿಂದ ತನ್ನ ತೊಡೆಯನ್ನು ಬಡಿಯುತ್ತಿದ್ದಳು. ಪಟ್. ಪಟ್ ಪಟ್. ನಿಂತು, ಎಡಗೈಯನ್ನು ತೊಡೆಯ ಮೇಲೆ ಒಂದು ಸುತ್ತು ತಿರುವಿ, ಮತ್ತೆ ಪಟ್ ಪಟ್.

“ಅದು ಚಟಾ ಅಲ್ರಿ,” ಎಂದೆ. “ಆಕಿ ರೊಟ್ಟಿ ಬಡಿಯಾಕತ್ತಾಳ.” ಆಮೇಲೆ ಎಲ್ಲವನ್ನೂ ಹೇಳಿದೆ. ಎರಡು ವರ್ಷದ ಹಿಂದೆ ಹೇಳಬೇಕಾಗಿದ್ದ ಇನ್ನರ್ಧವನ್ನು, ಒಂದೂ ಬಿಡದೆ, ಚಹಾ ಆರುವ ತನಕ ಹೇಳಿದೆ. ಅಕ್ಕಾರು ತೀರಿಕೊಂಡರೆಂದೂ ಹೇಳಿದೆ.

ಅತ್ತಿಗೆ ಪೂರ್ತಿ ಕೇಳಿದಳು. “ಅಯ್ಯ ಪಾಪ, ಸತ್ಲಾ?” ಎಂದಳು. ಆಮೇಲೆ ನಾದಿನಿಯ ತೊಡೆಯ ಕಡೆ ನೋಡಿ ನಕ್ಕಳು. “ರೊಟ್ಟಿ ಅಂತೀರಿ. ಹಿಟ್ಟೆಲ್ಲೈತ್ರಿ ವೈನಿ?”

ರೊಟ್ಟಿ ಎಂಬ ಮಾತು ಕಿವಿಗೆ ಬಿದ್ದು ಕಸ್ತೂರಿ ತಲೆ ಎತ್ತಿದಳು. ನನ್ನ ಗುರುತು ಹತ್ತಿತೋ ಇಲ್ಲವೋ ಹೇಳಲಾರೆ. ತೊಡೆಯ ಮೇಲಿನಿಂದ ಎರಡೂ ಅಂಗೈಯಲ್ಲಿ ಏನನ್ನೋ ಹುಷಾರಾಗಿ ಎತ್ತಿ ನನ್ನ ಕಡೆ ಹಿಡಿದಳು. ನಾನು ಕಪ್ಪು ಕೆಳಗಿಟ್ಟು ಎರಡೂ ಕೈ ಒಡ್ಡಿದೆ.

“ಇಕೀ ಜೋಡಿ ನೀವೂ ಸುರು ಮಾಡಿದ್ರೇನ್ರಿ?” ಎಂದು ಅತ್ತಿಗೆ ಎದ್ದು ಬಂದಳು. ಕಸ್ತೂರಿಯ ಎರಡೂ ಕೈ ಹಿಡಿದು ಕೆಳಗಿಳಿಸಿ ತೊಡೆಯ ಮೇಲೆ ಒಂದರ ಮೇಲೊಂದು ಇಟ್ಟಳು. ಊಟದ ಹೊತ್ತಾಗಿತ್ತು. ತಾಟು ತಂದು, ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ, ಮೆತ್ತಗೆ ಹಿಚುಕಿ ತುತ್ತು ಮಾಡಿದಳು.

“ಹೂಂ, ಬಾಯಿ ತಗಿ.”

ಕಸ್ತೂರಿ ಬಾಯಿ ತೆರೆದಳು.